ಕ್ಯಾಮೆರಾದ ಹಿಂದಿನಿಂದ ಎದ್ದು ಬಂದವಳು

ಅವಳಿಗೆ ಜನ ಇಟ್ಟಿದ್ದ ಹೆಸರು ಮಾತಿನಮಲ್ಲಿ. ಸ್ಟುಡಿಯೋದ ಬೋರ್ಡಿನ ಮೇಲೆ ಬೇರೆಯೇ ಹೆಸರಿತ್ತು. ಆದರೆ ಬೀದಿಯಲ್ಲಿ ಯಾರನ್ನು ಕೇಳಿದರೂ, "ಮಾತಿನಮಲ್ಲಿ ಸ್ಟುಡಿಯೋನಾ? ಅಗೋ ಅಲ್ಲಿ, ಔಷಧಿ ಅಂಗಡಿ ಮೇಲ್ಗಡೆ" ಎಂದು ಕೈ ತೋರಿಸುತ್ತಿದ್ದರು. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಮದುವಣಗಿತ್ತಿಯರ ಫೋಟೋ ತೆಗೆದು ತಾನು ಹೆಸರು ಮಾಡಿದ್ದು ಕ್ಯಾಮೆರಾದಿಂದಲ್ಲ, ನಾಲಿಗೆಯಿಂದ ಎಂದು ಅವಳೇ ಹೇಳಿಕೊಂಡು ತಿರುಗುತ್ತಿದ್ದಳು.

ಮದುವಣಗಿತ್ತಿಯ ಒಂಟಿ ಫೋಟೋ ತೆಗೆಯುವುದು ಹುಡುಗಾಟವಲ್ಲ. ಗುಂಪಿನ ಫೋಟೋದಲ್ಲಾದರೆ ಒಬ್ಬರ ಹಿಂದೆ ಒಬ್ಬರು ಅಡಗಬಹುದು. ಗಂಡನ ಪಕ್ಕದಲ್ಲಿ ನಿಂತರೆ ಅವನ ತೋಳನ್ನಾದರೂ ಹಿಡಿದುಕೊಳ್ಳಬಹುದು. ಒಬ್ಬಳೇ ನಿಂತಾಗ ಅಡಗಲು ಜಾಗವಿಲ್ಲ. ಮೂರು ಗಂಟೆ ಅಲಂಕಾರ ಮಾಡಿಸಿಕೊಂಡು, ನೆಟ್ಟಗೆ ಉಸಿರು ಬಿಡಲೂ ಆಗದ ಉಡುಗೆ ತೊಟ್ಟು ಬಂದವಳಿಗೆ ತನ್ನ ಕೈಗಳೇ ಬೇರೆ ಯಾರದ್ದೋ ಎನಿಸಿಬಿಡುತ್ತವೆ. ಆ ಹೊತ್ತಿನಲ್ಲಿ ಎದುರಿಗಿದ್ದವನು "ಗಲ್ಲ ಕೆಳಗೆ, ಕಣ್ಣು ಮೇಲೆ, ನಗಿ, ಇನ್ನೂ ಸ್ವಲ್ಪ, ಅಯ್ಯೋ ಅಷ್ಟು ಬೇಡ" ಎಂದು ಶುರು ಹಚ್ಚಿಕೊಂಡರೆ ಮುಗಿಯಿತು. ಮುಖ ಹೋಗಿ ಹಲಗೆಯಾಗುತ್ತದೆ.

ಮಾತಿನಮಲ್ಲಿ 'ನಗಿ' ಎಂಬ ಪದವನ್ನು ಬಾಯಲ್ಲಿ ಆಡಿದವಳೇ ಅಲ್ಲ. ಒಂದು ಸಲ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಹೆಣ್ಣುಮಗಳೊಬ್ಬಳು ಕಂಬ ನುಂಗಿದವಳ ಹಾಗೆ ನಿಂತುಬಿಟ್ಟಿದ್ದಳು. ಇವಳು ಕ್ಯಾಮೆರಾಕ್ಕೆ ಕಣ್ಣು ಹಚ್ಚಿಕೊಂಡೇ, "ಅದ್ಸರಿ ಮೇಡಂ, ನಿಮ್ಮನೇಲಿ ಅತಿ ಜೋರಾಗಿ ಗೊರಕೆ ಹೊಡೆಯೋದು ಯಾರು?" ಎಂದಳು. ಅಧಿಕಾರಿಣಿ ತಬ್ಬಿಬ್ಬಾಗಿ, ಯೋಚಿಸಿ, "ನಾನೇ" ಎಂದು ನಕ್ಕಳು. ಆ ನಗುವಿನ ಫೋಟೋ ಇಂದಿಗೂ ಸ್ಟುಡಿಯೋದ ಮೆಟ್ಟಿಲಿನ ಗೋಡೆಯ ಮೇಲಿದೆ. ಫೋಟೋಗ್ರಾಫರುಗಳ ಸಂಘದವರು ಹೊಸಬರಿಗೆ ನಾಲ್ಕು ಮಾತು ಹೇಳಿ ಎಂದು ಕರೆದಾಗಲೂ ಅವಳದ್ದು ಒಂದೇ ಪಾಠ: "ಕಿವಿಗೆ ಕೆಲಸ ಕೊಡಿ, ಮುಖ ತಾನಾಗೇ ಬರುತ್ತೆ."

ಲೈಟು ನೋಡಿಕೊಳ್ಳುವವನು ಅವಳ ಗಂಡ. ಹೆಂಡತಿ ಆಡುವ ಮಾತಿಗೆ ಸರಿದೂಗಿಸಲೆಂಬಂತೆ ಅವನು 'ಹೂಂ', 'ಉಹೂಂ' ಬಿಟ್ಟು ಹೆಚ್ಚಿಗೆ ಏನನ್ನೂ ಬಾಯಿಂದ ಹೊರಡಿಸುತ್ತಿರಲಿಲ್ಲ.

ಒಂದು ದಿನ ಹೆಂಗಸೊಬ್ಬರು ಫೋನ್ ಮಾಡಿದರು. ಮಗಳ ಮದುವೆಗೆ ನಾಲ್ಕು ದಿನ ಮೊದಲು, ಬೆಳಿಗ್ಗೆ ಹತ್ತಕ್ಕೆ, ಅವಳೊಬ್ಬಳ ಫೋಟೋ ಆಗಬೇಕು. ಮಂಟಪದ ಬಾಗಿಲಲ್ಲಿ ದೊಡ್ಡದಾಗಿ ಹಾಕಿಸಬೇಕು ಎಂದರು. ದನಿಯಲ್ಲಿ ಅವಸರವಿತ್ತು. "ನೀವು ಎಂಥವರನ್ನಾದ್ರೂ ನಗಿಸ್ತೀರಂತೆ, ನಿಜಾನಾ?" ಎಂದು ಎರಡೆರಡು ಸಲ ಕೇಳಿದರು.

"ಕರ್ಕೊಂಡು ಬನ್ನಿ ಅಮ್ಮಾ. ನಗದೆ ಇದ್ರೆ ನನ್ನ ಹೆಸರು ಬದಲಾಯಿಸ್ತೀನಿ" ಎಂದಳು ಮಾತಿನಮಲ್ಲಿ.

ಹೇಳಿದ ದಿನ ಹತ್ತು ಹೊಡೆಯುವುದರೊಳಗೆ ಮೂವರು ಮೆಟ್ಟಿಲು ಹತ್ತಿ ಬಂದರು. ಮುಂದೆ ಅಮ್ಮ, ಕೈಯಲ್ಲಿ ಪಿನ್ನು, ಬಾಚಣಿಗೆ, ಹೂಗೊಂಚಲು ತುಂಬಿದ ಚೀಲ. ಹಿಂದೆ ಮದುಮಗಳ ಅತ್ತಿಗೆ, ಅಣ್ಣನ ಹೆಂಡತಿ, ಉಡುಗೆಯ ಅಂಚು ನೆಲಕ್ಕೆ ತಾಗದಂತೆ ಎತ್ತಿ ಹಿಡಿದುಕೊಂಡು. ನಡುವೆ ಮದುಮಗಳು. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸು, ಎತ್ತರದ ಮೈಕಟ್ಟು, ಯಾವುದನ್ನೂ ಬಿಡದೆ ನೋಡುವ ಕಣ್ಣುಗಳು. ಬಂದವಳೇ ಗೋಡೆಯ ಫೋಟೋಗಳನ್ನು, ಲೈಟಿನ ಕಂಬಗಳನ್ನು, ಕಿಟಕಿಯನ್ನು ನೋಡಿ, ಕೊನೆಗೆ ಮಾತಿನಮಲ್ಲಿಯ ಬಾಯಿಯ ಮೇಲೆ ದೃಷ್ಟಿ ನಿಲ್ಲಿಸಿದಳು.

"ಬಾ ಮರಿ, ಬಾ. ಇಲ್ಲಿ ಕಿಟಕಿ ಹತ್ರ ನಿಂತ್ಕೋ. ಕಾಲು ನೋಯ್ತಿದ್ರೆ ಚಪ್ಪಲಿ ಬಿಟ್ಬಿಡು, ಫೋಟೋದಲ್ಲಿ ಪಾದ ಬರಲ್ಲ. ಹುಡುಗ ಏನಂತಾನೆ? ಅಡುಗೆ ಬರುತ್ತಾ ಅವನಿಗೆ?" ಎನ್ನುತ್ತಲೇ ಮಾತಿನಮಲ್ಲಿ ಬೆನ್ನು ತಿರುಗಿಸಿ ಕ್ಯಾಮೆರಾ ಎತ್ತಿಕೊಂಡಳು. ಉತ್ತರ ಬರಲಿಲ್ಲ. ನಾಚಿಕೆಯಿರಬೇಕು ಎಂದುಕೊಂಡು ಇನ್ನೆರಡು ಪ್ರಶ್ನೆ ಎಸೆದಳು. ಅದಕ್ಕೂ ಉತ್ತರವಿಲ್ಲ. ತಿರುಗಿ ನೋಡಿದರೆ ಅಮ್ಮ ನೆಲ ನೋಡುತ್ತಿದ್ದರು. ಅತ್ತಿಗೆ ಗಂಟಲು ಸರಿಮಾಡಿಕೊಂಡಳು.

"ಮೇಡಂ, ನಮ್ಮ ನಾದಿನಿಗೆ ಕಿವಿ ಕೇಳಿಸಲ್ಲ. ಹುಟ್ಟಿದಾಗಿಂದ. ಅತ್ತೆ ಫೋನಲ್ಲಿ ಹೇಳಿರ್ತಾರೆ ಅಂದ್ಕೊಂಡಿದ್ದೆ."

"ಹೇಳಿದ್ರೆ ಇವರೂ ಏನೋ ಒಂದು ನೆಪ ಹೇಳಿ ಜಾರ್ಕೋತಾರೆ ಅಂತ ಹೇಳ್ಲಿಲ್ಲ" ಎಂದರು ಅಮ್ಮ, ತಲೆ ಎತ್ತದೆ. "ನಿಶ್ಚಿತಾರ್ಥದಲ್ಲಿ ಫೋಟೋದವನೊಬ್ಬ ಬಂದಿದ್ದ. ಕೇಳಿಸಲ್ಲ ಅಂತ ಗೊತ್ತಾದ ಮೇಲೆ ಇನ್ನೂ ಜೋರಾಗಿ ಕಿರುಚೋಕೆ ಶುರು ಮಾಡ್ದ. ಒಂದೊಂದು ಫೋಟೋದಲ್ಲೂ ನನ್ನ ಮಗಳು ಯಾರೋ ಹೊಡೆಯೋಕೆ ಬಂದ ಹಾಗೆ ಹೆದರ್ಕೊಂಡಿದಾಳೆ."

ಮಾತಿನಮಲ್ಲಿ ಕ್ಯಾಮೆರಾ ಕೆಳಗಿಳಿಸಿದಳು. ಆದರೆ ಅಷ್ಟಕ್ಕೆಲ್ಲ ಎದೆಗುಂದುವ ಪೈಕಿ ಅವಳಲ್ಲ. "ಅದಕ್ಕೇನಂತೆ? ನಾನು ಹೇಳ್ತೀನಿ, ನೀನು ಕೈಯಲ್ಲಿ ಹೇಳಮ್ಮ" ಎಂದು ಮದುಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಅತ್ತಿಗೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಳು.

ಅರ್ಧ ಗಂಟೆ ಹಾಗೆ ನಡೆಯಿತು. ನಡೆಯಿತು ಎನ್ನುವುದಕ್ಕಿಂತ ಕುಂಟಿತು ಎನ್ನಬೇಕು. ಇವಳು ಒಂದು ತಮಾಷೆ ಬಿಡುವಳು; ಅತ್ತಿಗೆ ಅದನ್ನು ಕೇಳಿ, ತಾನು ನಕ್ಕು, ಆಮೇಲೆ ಕೈಸನ್ನೆಯಲ್ಲಿ ಒಂದೆರಡು ಚೂರು ದಾಟಿಸುವಳು. ಇವಳು ಉದ್ದಕ್ಕೆ ಹೇಳಿದ್ದು ಅಲ್ಲಿ ಮೂರು ಬೆರಳಿನ ಆಟದಲ್ಲಿ ಮುಗಿದುಹೋಗುತ್ತಿತ್ತು. ತಮಾಷೆ ಮುಟ್ಟುವ ಹೊತ್ತಿಗೆ ತಣ್ಣಗಾಗಿರುತ್ತಿತ್ತು. ಮದುಮಗಳ ಕಣ್ಣಂತೂ ಅತ್ತಿಗೆಯ ಕೈಯ ಮೇಲೇ. ಕ್ಯಾಮೆರಾದ ಕಡೆ ನೋಡು ಎಂದರೆ ಕೈ ಕಾಣದು, ಕೈ ನೋಡಿದರೆ ಕ್ಯಾಮೆರಾ ತಪ್ಪುವುದು. ಸಾಲದ್ದಕ್ಕೆ ಹಿಂದಿನಿಂದ ಅಮ್ಮ ತಮ್ಮ ಎರಡು ತೋರುಬೆರಳುಗಳಿಂದ ತುಟಿಯ ಕೊನೆಗಳನ್ನು ಎಳೆದು 'ಹೀಗೆ, ಹೀಗೆ' ಎಂದು ತೋರಿಸುತ್ತಿದ್ದರು. ಅದನ್ನು ಕಂಡದ್ದೇ ಮದುಮಗಳು ಕೈಗಳನ್ನು ಮಡಿಲಿಗೆ ಇಳಿಸಿ, ಗಲ್ಲ ಬಾಗಿಸಿ, ತುಟಿ ಒಂದು ಅಳತೆಗೆ ಅಗಲಿಸಿ ಕೂತುಬಿಡುವಳು. ಮೊಳೆ ಹೊಡೆದು ಕೂರಿಸಿದ ಹಾಗೆ.

ಮಾತಿನಮಲ್ಲಿ ಕ್ಯಾಮೆರಾದ ಪರದೆಯಲ್ಲಿ ಒಂದೊಂದಾಗಿ ನೋಡಿದಳು. ನಲವತ್ತೊಂದು ಫೋಟೋ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ತೆರೆದರೂ ಗೊತ್ತಾಗುತ್ತಿರಲಿಲ್ಲ, ಅಷ್ಟು ಒಂದೇ ಥರ. ಅವಳು ಕೆಟ್ಟ ಫೋಟೋ ತೋರಿಸಿ ಚೆನ್ನಾಗಿದೆ ಎಂದವಳಲ್ಲ. ನೇರವಾಗಿ ಮದುಮಗಳ ಪಕ್ಕದಲ್ಲಿ ಕೂತು ಪರದೆಯನ್ನು ಅವಳತ್ತ ತಿರುಗಿಸಿದಳು.

ಮದುಮಗಳು ನಾಲ್ಕೈದು ನೋಡಿ ತಲೆ ಅಡ್ಡ ಆಡಿಸಿದಳು. ಬರೆಯಲು ಏನಾದರೂ ಕೊಡಿ ಎಂದು ಗಾಳಿಯಲ್ಲಿ ಬರೆದು ತೋರಿಸಿದಳು. ಮೇಜಿನ ಮೇಲಿದ್ದ ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಪೆನ್ಸಿಲ್ ಜೊತೆ ಕೊಟ್ಟಳು ಮಾತಿನಮಲ್ಲಿ. ದುಂಡಗಿನ, ಅವಸರವಿಲ್ಲದ ಅಕ್ಷರಗಳು ಮೂಡಿದವು.

"ಇದು ನಾನಲ್ಲ. ಇದು ಅಮ್ಮ ಕಲಿಸಿದ ಫೋಟೋ ಮುಖ. ನಿಮ್ಮದೂ ಒಂದು ತಪ್ಪಿದೆ. ನೀವು ಆ ಪೆಟ್ಟಿಗೆಯ ಹಿಂದೆ ಮುಖ ಬಚ್ಚಿಟ್ಟುಕೊಳ್ಳುತ್ತೀರಿ. ಮುಖ ಕಾಣದಿದ್ದರೆ ನನ್ನ ಪಾಲಿಗೆ ನೀವು ಈ ಕೋಣೆಯಲ್ಲೇ ಇಲ್ಲ. ಇಲ್ಲದವರನ್ನು ನೋಡಿ ನಾನು ಹೇಗೆ ನಗಲಿ?"

ಮಾತಿನಮಲ್ಲಿ ಅದನ್ನು ಎರಡು ಸಲ ಓದಿದಳು. ಇಪ್ಪತ್ತೆರಡು ವರ್ಷಗಳಲ್ಲಿ ಯಾವ ಮದುಮಗಳೂ ಅವಳ ಕೆಲಸದಲ್ಲಿ ತಪ್ಪು ಹಿಡಿದಿರಲಿಲ್ಲ. ಹಿಡಿದಿದ್ದು ಸರಿಯಾಗಿಯೇ ಇತ್ತು. ತನ್ನ ಮಾತು ಹೋದರೂ ಮುಖವಾದರೂ ಇತ್ತಲ್ಲ. ಅದನ್ನೂ ತಾನು ಕಪ್ಪು ಡಬ್ಬಿಯ ಹಿಂದೆ ಮುಚ್ಚಿಟ್ಟುಕೊಂಡು, ಬೆಟ್ಟಕ್ಕೆ ಮಾತಾಡಿದಂತೆ ಮಾತಾಡಿದ್ದಳು.

ಅವಳು ಎದ್ದಳು. ಅಮ್ಮ ಮತ್ತು ಅತ್ತಿಗೆಯ ಕಡೆ ತಿರುಗಿ, "ಅಮ್ಮಾ, ಬೇಜಾರು ಮಾಡ್ಕೋಬೇಡಿ. ಇಬ್ಬರೂ ಸ್ವಲ್ಪ ಹೊತ್ತು ಮುಂದಿನ ರೂಮಲ್ಲಿ ಟೀ ಕುಡೀತಾ ಇರಿ. ನಾವಿಬ್ರೇ ಮಾತಾಡ್ಕೋತೀವಿ" ಎಂದಳು.

"ಅವಳ ಜೊತೆ ನೀವೇನು ಮಾತಾಡ್ತೀರಾ?" ಎಂದರು ಅಮ್ಮ.

"ಗೊತ್ತಿಲ್ಲ. ಆದ್ರೆ ಆಡ್ತೀನಿ."

ಬಾಗಿಲು ಮುಚ್ಚಿದ ಮೇಲೆ ಗಂಡನಿಗೆ, "ರೀ, ಇದನ್ನ ಸ್ಟ್ಯಾಂಡಿಗೆ ಹಾಕಿ. ರಿಮೋಟ್ ಕೊಡಿ" ಎಂದಳು. ಅವನು ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿದು, ಬೆಂಕಿಪೊಟ್ಟಣದಷ್ಟು ಚಿಕ್ಕ ರಿಮೋಟನ್ನು ಅವಳ ಅಂಗೈಗೆ ಹಾಕಿದ. ಮಾತಿನಮಲ್ಲಿ ಒಂದು ಸ್ಟೂಲ್ ಎಳೆದುಕೊಂಡು ಕ್ಯಾಮೆರಾದ ಮಗ್ಗುಲಲ್ಲೇ, ಕಿವಿಗೆ ಕಿವಿ ತಾಗುವಷ್ಟು ಹತ್ತಿರ ಕೂತಳು. ಈಗ ಅವಳ ಮುಖ ನೋಡಿದರೆ ಹೆಚ್ಚುಕಡಿಮೆ ಕ್ಯಾಮೆರಾವನ್ನೇ ನೋಡಿದಂತೆ.

ಹಾಳೆಯ ಮೇಲೆ ಬರೆದಳು: "ಏನು ಕೆಲಸ ಮಾಡ್ತೀಯಾ?"

"ಹಲ್ಲು ಕಟ್ಟುತ್ತೇನೆ. ಲ್ಯಾಬಿನಲ್ಲಿ. ಡಾಕ್ಟರುಗಳು ಅಚ್ಚು ಕಳಿಸುತ್ತಾರೆ, ನಾನು ಮೇಣದಲ್ಲಿ ಕೂರಿಸಿ, ಬಣ್ಣ ಹೊಂದಿಸಿ ಕೊಡುತ್ತೇನೆ. ಆರು ವರ್ಷವಾಯಿತು." ಬರೆದು ಮುಗಿಸಿದವಳು ಮಾತಿನಮಲ್ಲಿಯ ಬಾಯಿಯನ್ನೇ ಇನ್ನೊಮ್ಮೆ ನಿಟ್ಟಿಸಿದಳು. ತುಂಟತನದಿಂದ ಹುಬ್ಬು ಏರಿಸಿ ಮತ್ತೆ ಬರೆದಳು: "ಮೇಲಿನ ಸಾಲು, ಎಡಗಡೆ, ನಾಲ್ಕನೆಯದು. ಕಟ್ಟಿಸಿದ್ದು. ನಮ್ಮ ಲ್ಯಾಬಿನದಲ್ಲ. ಬಣ್ಣ ಒಂದು ಛಾಯೆ ತಪ್ಪಿದೆ."

ಮಾತಿನಮಲ್ಲಿ ಗಬಕ್ಕನೆ ಬಾಯಿ ಮುಚ್ಚಿಕೊಂಡಳು. ಗಂಡ ಬಗ್ಗಿ ಹಾಳೆ ಓದಿ, "ಕಟ್ಟಿಸಿದ್ದಾ? ಯಾವಾಗ?" ಎಂದ. ಮಾತಿನಮಲ್ಲಿ ತನ್ನ ಮದುವೆಗೆ ಎರಡು ವರ್ಷ ಮೊದಲು ಸೈಕಲ್ಲಿನಿಂದ ಬಿದ್ದು ಕಳೆದುಕೊಂಡ ಹಲ್ಲು ಅದು. ಅಷ್ಟು ಮಾತಾಡಿದವಳು ಅದೊಂದನ್ನು ಮಾತ್ರ ಗಂಡನಿಗೆ ಹೇಳಿರಲಿಲ್ಲ. ಅವಳ ಮುಖ ಕೆಂಪಾದದ್ದನ್ನು, ಗಂಡ ಕಕ್ಕಾಬಿಕ್ಕಿಯಾಗಿ ನಿಂತದ್ದನ್ನು ನೋಡಿ ಮದುಮಗಳು ನಕ್ಕಳು. ಎಂಥ ನಗು! ಗಂಟಲಿನ ಆಳದಿಂದ ಬಂದು ಕೋಣೆ ತುಂಬುವ, ಭುಜ ಕುಣಿಸುವ, ಅಲಂಕಾರ ಹಾಳಾದೀತೆಂಬ ಪರಿವೆಯಿಲ್ಲದ ನಗು. ಮಾತಿನಮಲ್ಲಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡ ಮೇಲೆ ನೆನಪಾಯಿತು, ರಿಮೋಟ್ ಒತ್ತಿಯೇ ಇಲ್ಲ ಎಂದು.

ಬೇರೆಯವರಾಗಿದ್ದರೆ 'ಇನ್ನೊಂದ್ಸಲ ಹಾಗೇ ನಗು' ಎನ್ನುತ್ತಿದ್ದರು. ಮಾತಿನಮಲ್ಲಿ ಹಾಗೆ ಕೇಳಲಿಲ್ಲ. ಕೇಳಿ ಪಡೆದದ್ದು ಹಲಗೆಯೇ ಎಂದು ಅವಳಿಗೆ ಗೊತ್ತಿತ್ತು. ಪೆನ್ಸಿಲ್ಲನ್ನು ಪಕ್ಕಕ್ಕಿಟ್ಟು, ತನ್ನ ಹಲ್ಲು ತೋರಿಸಿ, ಎರಡೂ ಅಂಗೈ ಬಿಡಿಸಿ 'ಹೇಗೆ ಗೊತ್ತಾಯಿತು?' ಎಂಬಂತೆ ಕೈ ಆಡಿಸಿದಳು.

ಆಗ ಮದುಮಗಳು ಹೇಳತೊಡಗಿದಳು. ಹಾಳೆಯಲ್ಲಲ್ಲ, ಕೈಯಲ್ಲಿ. ಅಚ್ಚು ಬರುವುದು, ಪೆಟ್ಟಿಗೆ ತೆರೆಯುವುದು, ಮೇಣ ಕಾಯಿಸುವುದು. ಒಂದೊಂದು ಹಲ್ಲನ್ನು ಚಿಮಟದಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದಾಗಿಸುವುದು. ಕೈ ಅಷ್ಟೇ ಅಲ್ಲ, ಹುಬ್ಬು, ಕೆನ್ನೆ, ತುಟಿ, ಕತ್ತು, ಎಲ್ಲವೂ ಸೇರಿ ಹೇಳುತ್ತಿದ್ದವು. ಕೆನ್ನೆ ಉಬ್ಬಿದರೆ ದೊಡ್ಡ ಹಲ್ಲು, ತುಟಿ ಚೂಪಾದರೆ ಚಿಕ್ಕದು. ಹುಬ್ಬು ಏರಿದರೆ ಅದು ಪ್ರಶ್ನೆ. ಡಾಕ್ಟರು ಬೈದದ್ದು ಬಂದಾಗ ಮುಖವೇ ಡಾಕ್ಟರಾಯಿತು, ತಾನು ತಿರುಗಿಸಿ ಕೊಟ್ಟ ಉತ್ತರ ಬಂದಾಗ ಗಲ್ಲ ಮೇಲೇರಿತು.

ಮಾತಿನಮಲ್ಲಿಗೆ ಆಗ ಅರ್ಥವಾಯಿತು. ಈ ಹುಡುಗಿಗೆ ಮುಖವೇ ಅರ್ಧ ಮಾತು. 'ಮುಖ ಆಡಿಸಬೇಡ, ಕೈ ಕೆಳಗಿಡು, ಅಲುಗಾಡದೆ ಕೂರು' ಎಂದವರೆಲ್ಲ ಅವಳಿಗೆ ಬಾಯಿ ಮುಚ್ಚು ಎಂದಿದ್ದರು. ಅಂಥವಳಿಂದ ನಗು ಬರಲಿಲ್ಲ ಎಂದು ತಾನೂ ಪೇಚಾಡಿದೆನಲ್ಲ!

ಅಷ್ಟರಲ್ಲಾಗಲೇ ಅವಳ ಹೆಬ್ಬೆರಳು ರಿಮೋಟನ್ನು ಒತ್ತತೊಡಗಿತ್ತು. ಮೊದಲ ಹತ್ತರಲ್ಲಿ ಕೈಗಳೆಲ್ಲ ಹೊಗೆಯಂತೆ ಕದಡಿ ಹೋಗಿದ್ದವು. ಗಂಡ ಕೇಳದೆಯೇ ಬಂದು ಲೈಟು ಹೆಚ್ಚಿಸಿ, ಬಿಳಿ ಥರ್ಮೋಕೋಲ್ ಹಲಗೆಯನ್ನು ಎಡಗಡೆಗೆ ತಂದು ನಿಲ್ಲಿಸಿದ. ಆಮೇಲೆ ಬೆರಳಿನ ಉಗುರೂ ಎಣಿಸುವಷ್ಟು ಸ್ಪಷ್ಟವಾಯಿತು.

ತೊಡಕು ಬಂದದ್ದು ಉತ್ತರ ಕೊಡುವಾಗ. ಮಾತಿನಮಲ್ಲಿ ಕಿಟಕಿಯ ಕಡೆ ತಿರುಗು ಎಂದು ಹೇಳಲು ಹೋಗಿ ನೊಣ ಓಡಿಸಿದಂತೆ ಕೈ ಬೀಸಿದಳು. ಭುಜ ಇಳಿಸು ಎಂದು ತೋರಿಸಲು ಹೋಗಿ ತಾನೇ ಕುಗ್ಗಿಕೊಂಡಳು. ಬಾಯಿ ಇದ್ದಾಗ ಹುಲಿಯಾಗಿದ್ದವಳ ಕೈಕಾಲು ಈಗ ಕಟ್ಟಿಗೆಯಾಗಿದ್ದವು. ಮದುಮಗಳು ನೋಡುವಷ್ಟು ನೋಡಿ, ಎದ್ದು ಬಂದು, ಅವಳ ಎರಡೂ ಮಣಿಕಟ್ಟು ಹಿಡಿದು ಹಗುರವಾಗಿ ಅಲ್ಲಾಡಿಸಿದಳು. ಭುಜವನ್ನು ಒತ್ತಿ ಇಳಿಸಿದಳು. ಹಾಳೆಯಲ್ಲಿ ಬರೆದಳು: "ಉಸಿರು ಬಿಡಿ. ನೀವು ಫೋಟೋಗೆ ನಿಂತವರ ಹಾಗೆ ಇದ್ದೀರಿ."

"ಸಿಕ್ಕಿಬಿದ್ದೆ ನೋಡು" ಎಂದು ಮಾತಿನಮಲ್ಲಿ ಜೋರಾಗಿಯೇ ಹೇಳಿದಳು. ತುಟಿ ಓದಿದ ಹುಡುಗಿ 'ಹೌದು' ಎಂದು ತಲೆಯಾಡಿಸಿದಳು.

ಇಬ್ಬರೂ ಕೂತು ನಾಲ್ಕು ಸನ್ನೆ ಗೊತ್ತು ಮಾಡಿಕೊಂಡರು. ಅಂಗೈ ಕಿಟಕಿಯತ್ತ ತೋರಿದರೆ ಬೆಳಕಿಗೆ ತಿರುಗಬೇಕು. ಎರಡು ಬೆರಳು ಮೇಜಿನ ಮೇಲೆ ನಡೆದರೆ ನಡೆಯಬೇಕು. ಮುಷ್ಟಿ ಮುಚ್ಚಿದರೆ ಎಲ್ಲಿದ್ದೆಯೋ ಅಲ್ಲೇ ನಿಲ್ಲಬೇಕು. ಕೈ ಎದೆಯ ಮೇಲಿಟ್ಟರೆ ಅವಸರವಿಲ್ಲ, ನಿನ್ನಷ್ಟಕ್ಕೆ ಇರು ಎಂದರ್ಥ. ಮದುಮಗಳು ಕಿಟಕಿಯತ್ತ ನಡೆದಳು. ಬೆನ್ನು ಇತ್ತ ಇರುವಾಗ ಅವಳನ್ನು ಕರೆಯುವುದು ಹೇಗೆ ಎಂದು ಮಾತಿನಮಲ್ಲಿ ಪರದಾಡುತ್ತಿದ್ದಾಗ ಗಂಡ ಮೂಲೆಯ ಲೈಟನ್ನು ಒಂದು ಸಲ ಆರಿಸಿ ಹೊತ್ತಿಸಿದ. ಬೆಳಕು ಮಿನುಗಿದ್ದೇ ಹುಡುಗಿ ಕತ್ತು ಹೊರಳಿಸಿ, ಏನು ಎಂಬಂತೆ ನೋಡಿದಳು. ಕೂದಲ ಎಳೆಯೊಂದು ಕೆನ್ನೆಗೆ ಬಿದ್ದಿತ್ತು. ಮಾತಿನಮಲ್ಲಿಯ ಒಂದು ಕೈ ಮುಷ್ಟಿಯಾಯಿತು, ಇನ್ನೊಂದು ರಿಮೋಟ್ ಒತ್ತಿತು.

"ಹೇಗೆ ಹೊಳೀತ್ರೀ ನಿಮಗೆ?"

"ಹೊಳೀತು" ಎಂದ ಗಂಡ.

ಟೀ ಮುಗಿದು ಬಹಳ ಹೊತ್ತಾಗಿದ್ದರಿಂದ ಅಮ್ಮನಿಗೆ ತಡೆಯಲಾಗಲಿಲ್ಲ. ಬಾಗಿಲು ನೂಕಿಕೊಂಡು ಬಂದರು, ಹಿಂದೆಯೇ ಅತ್ತಿಗೆ. ಬಂದವರ ಕಣ್ಣಿಗೆ ಬಿದ್ದದ್ದು ಮಗಳು ಮತ್ತೆ ಕುರ್ಚಿಯಲ್ಲಿ ಕೂತು, ಬಾಯಿ ಅಗಲಿಸಿ, ಎರಡೂ ಕೈ ಗಾಳಿಯಲ್ಲಿ ಆಡಿಸುತ್ತ, ಕೆನ್ನೆ ಉಬ್ಬಿಸಿ ಯಾರನ್ನೋ ಅಣಕಿಸುತ್ತಿದ್ದದ್ದು. ಅದನ್ನೇ ಕ್ಯಾಮೆರಾ ಒಂದೇ ಸಮನೆ ತೆಗೆಯುತ್ತಿದ್ದದ್ದು.

"ಮೇಡಂ! ಏನಿದು? ಮಂಟಪದ ಬಾಗಿಲಲ್ಲಿ ಹಾಕೋ ಫೋಟೋ ಇದು. ಹೀಗೆ ಕೈ ಆಡಿಸ್ತಾ, ಮುಖ ತಿರುಚ್ತಾ ಇದ್ರೆ ಜನ ಏನಂದ್ಕೋತಾರೆ?" ಎಂದವರೇ ಮಗಳ ಬಳಿ ಹೋಗಿ, ಅವಳ ಕೈಗಳನ್ನು ಹಿಡಿದು ಮಡಿಲಿಗೆ ಒತ್ತಿದರು.

ಮಗಳ ಮುಖದಿಂದ ದೀಪ ಆರಿದಂತಾಯಿತು. ಗಲ್ಲ ಬಾಗಿತು, ತುಟಿ ಆ ಹಳೇ ಅಳತೆಗೆ ಬಂತು.

ಮಾತಿನಮಲ್ಲಿ ದನಿ ಏರಿಸಲಿಲ್ಲ. ಆದರೆ ಬಿಟ್ಟುಕೊಡಲೂ ಇಲ್ಲ. "ಅಮ್ಮಾ, ಅವಳ ಕೈ ಬಿಡಿ. ಮಾತಾಡ್ತಾ ಇದ್ಲು ಅವಳು. ಮಾತಾಡೋರ ಬಾಯಿ ಮುಚ್ಚಿ ಫೋಟೋ ತೆಗೆಯೋದು ನನ್ನ ಕೈಲಿ ಆಗಲ್ಲ. ನಿಮಗೆ ಆ ಫೋಟೋನೇ ಬೇಕು ಅಂದ್ರೆ ಮೊದಲು ತೆಗ್ದಿರೋದು ನಲವತ್ತೊಂದಿದೆ, ಯಾವುದಾದ್ರೂ ಕೊಟ್ಬಿಡ್ತೀನಿ. ಬನ್ನಿ, ಎರಡನ್ನೂ ನೋಡಿ. ಆಮೇಲೆ ನೀವು ಹೇಳಿದ ಹಾಗೆ."

ಪರದೆಯ ಮೇಲೆ ಮೊದಲಿನವು ಹಾದುಹೋದವು. ಆಮೇಲೆ ಹೊಸವು ಬಂದವು. ಚಿಮಟ ಹಿಡಿದಂತೆ ಬೆರಳು ಕೂಡಿಸಿ ಕಣ್ಣು ಕಿರಿದಾಗಿಸಿದ ಮಗಳು. ಡಾಕ್ಟರಿಗೆ ಎದುರುತ್ತರ ಕೊಡುತ್ತಿರುವ ಮಗಳು. ಕಿಟಕಿಯ ಬಳಿ ತಿರುಗಿ ನೋಡಿದ ಮಗಳು. ಅಮ್ಮ ಒಂದು ಫೋಟೋದಲ್ಲಿ ನಿಂತುಬಿಟ್ಟರು. ಕೈ ಮುಂದೆ ಚಾಚಿ, ಪರದೆಯನ್ನು ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು.

"ಚಿಕ್ಕವಳಿದ್ದಾಗ ಬಸ್ಸಲ್ಲಿ ಕೈಯಲ್ಲಿ ಮಾತಾಡಿದ್ರೆ ಎಲ್ಲರೂ ತಿರುಗಿ ನೋಡೋರು. ಹುಡುಗರು ಅಣಕಿಸೋರು. ನಾನು ಇವಳ ಕೈ ಹಿಡ್ಕೊಂಡು ತೊಡೆ ಮೇಲೆ ಇಟ್ಟುಬಿಡ್ತಿದ್ದೆ. ನೋಡೋರ ಕಣ್ಣು ತಪ್ಪಲಿ ಅಂತ." ಅವರ ದನಿ ಸಣ್ಣದಾಯಿತು. "ಇವಳ ಮಾತು ನಿಂತುಹೋಗ್ತಿತ್ತು ಅಂತ ಅನ್ನಿಸ್ಲೇ ಇಲ್ಲ ನೋಡಿ ನನಗೆ."

ಮಾತಿನಮಲ್ಲಿಗೆ ಆ ಹೆಂಗಸನ್ನು ಸಮಾಧಾನ ಮಾಡುವ ಹತ್ತು ಮಾತು ನಾಲಿಗೆಯ ತುದಿಗೆ ಬಂದವು. ಆಡಲಿಲ್ಲ. ಬದಲಿಗೆ ತಾನು ಕೂತಿದ್ದ ಸ್ಟೂಲಿನಿಂದ ಎದ್ದು, ಅವರ ತೋಳು ಹಿಡಿದು ಅಲ್ಲಿ ಕೂರಿಸಿದಳು, ಕ್ಯಾಮೆರಾದ ಮಗ್ಗುಲಲ್ಲಿ.

"ನನಗೆ ಬರೋದು ನಾಲ್ಕೇ ಸನ್ನೆ. ನಿಮಗೆ ಇಪ್ಪತ್ತೆಂಟು ವರ್ಷದ್ದು ಗೊತ್ತು. ನೀವೇ ಮಾತಾಡ್ಸಿ."

"ನಾನಾ? ಏನು ಮಾತಾಡ್ಲಿ?"

"ಹುಡುಗನ ಬಗ್ಗೆ ಹೇಳಿ ಅತ್ತೆ" ಎಂದಳು ಅತ್ತಿಗೆ ಬಾಗಿಲ ಬಳಿಯಿಂದ, ಆಗಲೇ ನಗು ತಡೆದುಕೊಳ್ಳುತ್ತ. "ಒಗೆಯೋದು."

ಅಮ್ಮನಿಗೂ ನೆನಪಾಗಿ ತುಟಿ ಅದುರಿತು. ಮದುಮಗನೆಂದರೆ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಹುಡುಗ. ಅಚ್ಚುಗಳನ್ನು ಲ್ಯಾಬಿಗೆ ತಂದುಕೊಡುತ್ತ, ಅವಳೊಡನೆ ಮಾತಾಡಲೆಂದೇ ಸನ್ನೆ ಭಾಷೆ ಕಲಿಯತೊಡಗಿದವನು. ಹೆಣ್ಣು ಕೇಳಲು ಮನೆಗೆ ಬಂದ ದಿನ ಅವಳಿಗೂ ತಿಳಿಯಲೆಂದು ಬಾಯಿ ಬಿಡದೆ, ಎದ್ದು ನಿಂತು, ಗಂಭೀರವಾಗಿ ಕೈಯಲ್ಲೇ ಹೇಳಿದ್ದ. 'ನಿಮ್ಮ ಮಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ' ಎನ್ನಲು ಹೋಗಿ, ಕೈ ತಪ್ಪಿ, 'ನಿಮ್ಮ ಮಗಳನ್ನು ಚೆನ್ನಾಗಿ ಒಗೆದು ಹಿಂಡುತ್ತೇನೆ' ಎಂದಿದ್ದ.

ಅತ್ತಿಗೆ ಅದನ್ನು ಪಿಸುದನಿಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅಮ್ಮ ಎದ್ದು ನಿಂತಿದ್ದರು. ಭುಜ ಹಿಂದಕ್ಕೆ, ಗಲ್ಲ ಮೇಲಕ್ಕೆ, ಇಲ್ಲದ ಅಂಗಿಯ ಕಾಲರು ಸರಿಮಾಡಿಕೊಂಡು, ಥೇಟ್ ಆ ಹುಡುಗನ ಹಾಗೆ. ಎರಡೂ ಕೈಯೆತ್ತಿ ಗಾಳಿಯಲ್ಲಿ ಬಟ್ಟೆ ಒಗೆದರು. ಹಿಂಡಿದರು. ಕೊಡವಿ ಹಗ್ಗಕ್ಕೂ ಹಾಕಿದರು.

ಮಗಳು ಮೊದಲು ನಂಬದವಳಂತೆ ನೋಡಿದಳು. ಹೊರಗಿನವರೆದುರು ಅಮ್ಮ ಹೀಗೆ ಕೈಯೆತ್ತಿ ಮಾತಾಡಿದ್ದನ್ನು ಅವಳು ಕಂಡೇ ಇರಲಿಲ್ಲ. ಆಮೇಲೆ ಅವಳ ಕೈಗಳು ಎದ್ದವು: ಹಾಗಲ್ಲ, ಅವನು ಇನ್ನೂ ಜೋರಾಗಿ ಹಿಂಡಿದ್ದ! ಅಮ್ಮ ಅಲ್ಲವೆಂದರು. ಮಗಳು ಹೌದೆಂದಳು. ಅಪ್ಪ ಆಗ ಹೇಗೆ ಬೆಚ್ಚಿಬಿದ್ದರು ಎಂದು ಅಮ್ಮ ತೋರಿಸಿದರು. ಜಗಳ, ನಗು, ಅಣಕ, ಮತ್ತೆ ಜಗಳ. ಅಷ್ಟು ಹೊತ್ತೂ ಆ ಕೋಣೆಯಲ್ಲಿ ಬಾಯಿಂದ ಒಂದೇ ಒಂದು ಪದ ಹೊರಡಲಿಲ್ಲ. ಮಾತಿನಮಲ್ಲಿ ಗೋಡೆಗೊರಗಿ ನಿಂತು, ಉಸಿರು ಬಿಗಿಹಿಡಿದು ರಿಮೋಟ್ ಒತ್ತುತ್ತಿದ್ದಳು. ಗಂಡ ಅವಳ ಕಡೆ ನೋಡಿದ. ಇವಳು ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ನೋಡಿದ್ದು ಅವನ ಜನ್ಮದಲ್ಲೇ ಮೊದಲು.

ಕೊನೆಗೆ ನಕ್ಕು ದಣಿದ ಅಮ್ಮ ಸ್ಟೂಲಿನ ಮೇಲೆ ಕುಸಿದು ಕೂತು, ನಿಧಾನವಾಗಿ ಏನೋ ಒಂದನ್ನು ಕೈಯಲ್ಲಿ ಹೇಳಿದರು. ಎರಡೇ ಚಲನೆ. ಅತ್ತಿಗೆ ಅದನ್ನು ಬಿಡಿಸಿ ಹೇಳಲಿಲ್ಲ, ಮಾತಿನಮಲ್ಲಿ ಕೇಳಲೂ ಇಲ್ಲ. ಮಗಳು ಅದನ್ನು ನೋಡಿ, ತಲೆ ಸ್ವಲ್ಪ ವಾಲಿಸಿ ಅಮ್ಮನನ್ನೇ ನೋಡುತ್ತ ಉಳಿದಳು. ಕಣ್ಣು ತುಂಬಿತ್ತು, ತುಟಿಯ ಮೂಲೆಯಲ್ಲಿ ತುಂಟತನ ಇನ್ನೂ ಹೋಗಿರಲಿಲ್ಲ. ಕೈಗಳು ಅರ್ಧ ಎದ್ದು, ಎದೆಯ ಮಟ್ಟದಲ್ಲಿ ಬಿಡಿಸಿಕೊಂಡು ನಿಂತಿದ್ದವು. ಹೀಗೆ ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ಮಾತಿನಮಲ್ಲಿ ಒಂದೇ ಒಂದು ಸಲ ಒತ್ತಿದಳು.

ಮಾರನೆಯ ದಿನ ಆರಿಸಲು ಬಂದಾಗ ತಾಯಿ ಮಗಳ ನಡುವೆ ಮತ್ತೆ ಕೈ ಕೈ ಜಗಳ. ಅಮ್ಮನಿಗೆ ಆ ಕೊನೆಯ ಫೋಟೋ ಬೇಕು, ಮಗಳಿಗೆ ಇನ್ನೊಂದು: ಡಾಕ್ಟರಿಗೆ ಎದುರುತ್ತರ ಕೊಡುವಾಗಿನದು, ಒಂದು ಹುಬ್ಬು ಮೇಲೆ, ಬಲಗೈ ಗಾಳಿಯಲ್ಲಿ ಕದಡಿದಂತಿರುವುದು. "ಕೈ ಅಲುಗಿದೆ ಕಣೇ ಅದ್ರಲ್ಲಿ" ಎಂದು ಅತ್ತಿಗೆ ಸನ್ನೆ ಮಾಡಿದಳು. ಮದುಮಗಳು ಹಾಳೆಯ ಮೇಲೆ ಬರೆದು ಮಾತಿನಮಲ್ಲಿಯತ್ತ ತಳ್ಳಿದಳು: "ಅಲುಗಲಿ. ಮದುವೆಗೆ ಬಂದವರು ಬಾಗಿಲಲ್ಲೇ ತಿಳಿದುಕೊಳ್ಳಲಿ, ನಾನು ಮಾತಾಡುವವಳು ಎಂದು."

"ಬಾಗಿಲಿಗೆ ಇದೇ ಸರಿ" ಎಂದಳು ಮಾತಿನಮಲ್ಲಿ. "ಇನ್ನೊಂದು ಮನೆಗೆ. ಅಮ್ಮ ದಿನಾ ನೋಡ್ಲಿ."

ಮದುವೆಯ ದಿನ ಬಾಗಿಲಲ್ಲಿ ಆಳೆತ್ತರದ ಆ ಫೋಟೋದ ಮುಂದೆ ಜನ ನಿಂತು ನಿಂತು ಹೋದರು. ಕೆಲವರಿಗೆ ವಿಚಿತ್ರವೆನಿಸಿತು, ಹೆಚ್ಚಿನವರು ಮುಗುಳ್ನಕ್ಕರು. ಕಿವಿ ಕೇಳಿಸದ ಮಕ್ಕಳ ಶಾಲೆಯಲ್ಲಿ ಮದುಮಗಳ ಜೊತೆ ಓದಿದ ಗೆಳತಿಯರು ಹನ್ನೆರಡು ಮಂದಿ ಬಂದಿದ್ದರು. ಅವರು ಮಾತ್ರ ಆ ಹುಬ್ಬನ್ನು, ಆ ಕೈಯನ್ನು ಕಂಡು, ಅವಳು ಏನು ಹೇಳುತ್ತಿದ್ದಾಳೆಂದು ನೆಟ್ಟಗೆ ಓದಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮಾತಿನಮಲ್ಲಿ ಅವರ ನಡುವೆ ನಿಂತಿದ್ದಳು. ಹನ್ನೆರಡು ಜೊತೆ ಕೈಗಳು ಒಟ್ಟಿಗೆ ಮಾತಾಡುತ್ತಿದ್ದವು. ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು ಎಂದು ತಿಳಿಯದೆ ಅವಳ ಕ್ಯಾಮೆರಾ ಅತ್ತಿತ್ತ ಓಡಾಡಿತು.

ಅವರಲ್ಲೊಬ್ಬಳು, ಗುಂಡು ಮುಖದವಳು, ಅವಳ ಭುಜ ತಟ್ಟಿದಳು. ತನ್ನ ಬೆರಳಿನ ಉಂಗುರ ತೋರಿಸಿದಳು, ತನ್ನನ್ನು ತೋರಿಸಿಕೊಂಡಳು, ಕ್ಯಾಮೆರಾವನ್ನು ತೋರಿಸಿದಳು, ಎರಡು ಬೆರಳೆತ್ತಿದಳು. ಇನ್ನೆರಡು ತಿಂಗಳಲ್ಲಿ ನನ್ನ ಮದುವೆ, ನನ್ನ ಫೋಟೋನೂ ನೀವೇ ತೆಗೆಯಬೇಕು. ಆಮೇಲೆ ಹುಬ್ಬೇರಿಸಿ, ತನ್ನ ಕೈಗಳನ್ನೂ ಮಾತಿನಮಲ್ಲಿಯ ಕೈಗಳನ್ನೂ ತೋರಿಸಿ ಕೇಳಿದಳು: ನಮ್ಮ ಮಾತು ನಿಮಗೆ ಬರುತ್ತದಾ?

ಮಾತಿನಮಲ್ಲಿ ಹೆಬ್ಬೆರಳು ತೋರುಬೆರಳುಗಳ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟು ತೋರಿಸಿದಳು. ಇಷ್ಟು.

ಮಂಟಪದ ಆ ಕೊನೆಯಲ್ಲಿ ವೇದಿಕೆಯ ಮೇಲೆ ಗಂಡನ ಪಕ್ಕ ನಿಂತಿದ್ದ ಮದುಮಗಳು ಅಷ್ಟು ಜನರ ತಲೆಗಳ ಮೇಲಿಂದ ಅದನ್ನು ನೋಡಿಬಿಟ್ಟಳು. ಅಲ್ಲ ಎಂದು ಜೋರಾಗಿ ತಲೆಯಾಡಿಸಿದಳು. ಕೈ ಮೇಲೆತ್ತಿ, ಎಲ್ಲರಿಗೂ ಕಾಣುವಂತೆ, ಬೆರಳುಗಳ ನಡುವಿನ ಜಾಗವನ್ನು ಇನ್ನಷ್ಟು ಅಗಲ ಮಾಡಿ ತೋರಿಸಿದಳು.